ನಾಲ್ಕು ದಿಂಬು ಮತ್ತು ದಕ್ಷಿಣದ ಬಾಗಿಲು

ನನ್ನ ಹೆಂಡತಿ ನಾಲ್ಕು ದಿಂಬು ಇಟ್ಟುಕೊಂಡು ಮಲಗುತ್ತಿದ್ದಳು. ಮಲಗುತ್ತಿದ್ದಳು ಎನ್ನುವುದು ಮಾತಿಗೆ. ನಿಜ ಹೇಳಬೇಕೆಂದರೆ ಒರಗಿ ಕೂತಿರುತ್ತಿದ್ದಳು. ಒಂದು ದಿಂಬು ತೆಗೆದರೆ ಎದೆ ಬಿಗಿಯುತ್ತಿತ್ತು, ಎರಡು ತೆಗೆದರೆ ಕೆಮ್ಮು ಶುರುವಾಗುತ್ತಿತ್ತು. ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ವರ್ಷ ಸೀಮೆಸುಣ್ಣ ಹಿಡಿದು ಪಾಠ ಮಾಡಿದವಳು. ನಿವೃತ್ತಿಯ ದಿನ ಶಾಲೆಯವರು ಶಾಲು, ಹಾರ, ಹಣ್ಣಿನ ಬುಟ್ಟಿ ಕೊಟ್ಟರು; ಉಬ್ಬಸವನ್ನು ಮಾತ್ರ ನೀನೇ ಸ್ವಂತ ದುಡಿಮೆಯಿಂದ ಸಂಪಾದಿಸಿದ್ದು ಎಂದು ನಾನು ಕಾಲೆಳೆಯುತ್ತಿದ್ದೆ. ಅವಳು ನಗುತ್ತಿದ್ದಳು. ನಕ್ಕರೂ ಕೆಮ್ಮು ಬರತೊಡಗಿದ ಮೇಲೆ ತಮಾಷೆ ಮಾಡುವುದನ್ನೇ ಬಿಟ್ಟೆ.

ನಮ್ಮ ಮನೆ ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕಿನಲ್ಲಿ. ಮುಂದಿನ ರಸ್ತೆಯನ್ನು ಒಮ್ಮೆ ನೀರಿನ ಪೈಪಿಗೆ, ಒಮ್ಮೆ ಕೇಬಲ್ಲಿಗೆ, ಇನ್ನೊಮ್ಮೆ ಯಾವುದಕ್ಕೆಂದು ಅಗೆಯುವವರಿಗೂ ಗೊತ್ತಿಲ್ಲದ ಕಾರಣಕ್ಕೆ ಅಗೆಯುತ್ತಲೇ ಇದ್ದರು. ಕಿಟಕಿ ತೆರೆದರೆ ದೂಳು, ಮುಚ್ಚಿದರೆ ಸೆಕೆ. ಪಿ.ಜೆ. ಬಡಾವಣೆಯ ಡಾಕ್ಟರು ಒಂದು ದಿನ ಚೀಟಿ ಬರೆಯುವುದನ್ನು ಅರ್ಧಕ್ಕೇ ನಿಲ್ಲಿಸಿ, "ಔಷಧಿ ಅರ್ಧ ಕೆಲ್ಸ ಮಾಡ್ತೈತೆ ರೀ. ಉಳಿದರ್ಧ ಗಾಳಿ ಮಾಡಬೇಕು. ಒಳ್ಳೇ ಗಾಳಿ ಇರೋ ಕಡೆ ಜಾಗ ಐತೇನು?" ಎಂದು ಕೇಳಿದರು.

ಜಾಗ ಇತ್ತು. ಹರಿಹರದ ಹತ್ತಿರ, ತುಂಗಭದ್ರೆಯ ದಂಡೆಗೆ, ಅವಳ ತವರಿನವರು ಅವಳ ಪಾಲಿಗೆಂದು ಬಿಟ್ಟುಕೊಟ್ಟಿದ್ದ ಹತ್ತು ಗುಂಟೆಯ ಒಂದು ದಿಬ್ಬ. ಪಡುವಣಕ್ಕೆ ಹೊಳೆ, ಮೂಡಣಕ್ಕೆ ಬೇರೆಯವರ ಭತ್ತದ ಗದ್ದೆ. ದಿಬ್ಬದ ಮೇಲೆ ಬಡಗಣಕ್ಕೊಂದು ಹುಣಸೆಮರ, ತೆಂಕಣಕ್ಕೊಂದು ಬೇವಿನಮರ. ಚಿಕ್ಕವಳಿದ್ದಾಗ ಆ ಹುಣಸೆಯ ಕಾಯಿಗೆ ಉಪ್ಪು ಹಚ್ಚಿ ತಿಂದಿದ್ದನ್ನು ಅವಳು ನೂರು ಸಲ ಹೇಳಿದ್ದಳು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬಂತಾಯಿತು.

"ನಂಗೆ ಅರಮನೆ ಬ್ಯಾಡ್ರಿ, ಒಂದು ರೂಮು ಸಾಕು" ಎಂದಳು. "ಒಂದೇ ದಿಂಬು ಇಟ್ಕಂಡು, ಮಧ್ಯಾಹ್ನ ಒಂದು ತಾಸು ಆರಾಮಾಗಿ ಅಡ್ಡಾಗಂಗಿರಬೇಕು. ಅಷ್ಟೇ."

ಅಷ್ಟೇ! ನಾನು ಮೂವತ್ತೈದು ವರ್ಷ ಮನೆ ನಕ್ಷೆ ಬರೆದು ಹೊಟ್ಟೆ ಹೊರೆದವನು. ದಾವಣಗೆರೆಯ ಹೊಸ ಬಡಾವಣೆಗಳಲ್ಲಿ ನಾನು ಗೆರೆ ಎಳೆದ ಎಷ್ಟೋ ಮನೆಗಳು ನಿಂತಿವೆ. ಎಲ್ಲ ಒಂದೇ ಅಚ್ಚು: ಮೂಡಲ ಬಾಗಿಲು, ಆಗ್ನೇಯಕ್ಕೆ ಅಡುಗೆಮನೆ, ಉಳಿದ ಜಾಗದಲ್ಲಿ ಮನುಷ್ಯರು. ಅವನ್ನು ಬರೆದು ಬರೆದು ನನಗೇ ಬೇಸರ ಬಂದಿತ್ತು. ಈ ಸಲ ಮರ ಕಡಿಯದ, ಸಿಮೆಂಟು ಆದಷ್ಟು ಮುಟ್ಟದ, ದಿಬ್ಬಕ್ಕೆ ಭಾರವಾಗದ ಪುಟ್ಟ ಮನೆಯೊಂದನ್ನು ಬರೆಯುತ್ತೇನೆ ಎಂದು ಹುಮ್ಮಸ್ಸಿನಿಂದ ಕೂತೆ.

ಮಳೆಗಾಲದಲ್ಲಿ ನಾಲ್ಕಾರು ಸಲ ಸ್ಕೂಟರಿನಲ್ಲಿ ಹೋಗಿ ದಿಬ್ಬದ ಮೇಲೆ ನಿಂತು ಬಂದೆ. ಹೊಳೆಯ ಕಡೆಯಿಂದ ಪಡುವಣ ಗಾಳಿ ಭರ್ರೆಂದು ಬೀಸುತ್ತಿತ್ತು. ತಣ್ಣಗಿನ, ತೊಳೆದಿಟ್ಟ ಗಾಳಿ. ಪಡುವಣಕ್ಕೆ ಎರಡು ದೊಡ್ಡ ಕಿಟಕಿ, ಮೂಡಣಕ್ಕೆ ಬಾಗಿಲು. ಹೊಳೆಯ ಗಾಳಿ ಹೀಗೆ ಬಂದು ಹಾಗೆ ಹೋಗಲಿ ಎಂದು ಅಲ್ಲೇ ತೀರ್ಮಾನಿಸಿದೆ. ದೂಳು ಕೂರಲು ಜಾಗವೇ ಇರಬಾರದೆಂದು ಅಟ್ಟ ಬೇಡ, ಗೂಡು ಬೇಡ, ಗೋಡೆಯ ಮೂಲೆಗಳೆಲ್ಲ ದುಂಡಗಿರಲಿ, ಮಣ್ಣಿನ ಗೋಡೆಗೆ ನುಣ್ಣನೆ ಸುಣ್ಣದ ಗಾರೆ ಇರಲಿ ಎಂದುಕೊಂಡೆ. ಸ್ನಾನದ ನೀರು ಬಾಳೆಗೆ, ಸೂರಿನ ನೀರು ತೊಟ್ಟಿಗೆ, ಬೆಳಕು ಸೋಲಾರಿನಿಂದ. ಹನ್ನೆರಡಡಿ ಅಗಲ, ಹದಿನೆಂಟಡಿ ಉದ್ದ.

ಯುಗಾದಿ ಕಳೆದು ಕೆಲಸ ಹಿಡಿದಾಗ ಹರಿಹರದ ಮೇಸ್ತ್ರಿ ನಕ್ಷೆ ನೋಡಿ ತಲೆ ಅಲ್ಲಾಡಿಸಿದ. ಮಣ್ಣಿನ ಕೆಲಸ ಬಲ್ಲ ಹಳೇ ಕೈ ಅವನದು. ನನಗಿಂತ ಹಿರಿಯ, ನನಗಿಂತ ಹಟಮಾರಿ.

"ಆಯ ಕೂಡಲ್ಲ ಸಾಹೇಬ್ರೆ. ಉದ್ದ ಅಗಲ ಗುಣಿಸಿ ಎಂಟಕ್ಕೆ ಭಾಗ್ಸಿದ್ರೆ ಏನೂ ಉಳಿಯಂಗಿಲ್ಲ. ಏನೂ ಉಳೀದ ಮನೇಲಿ ಮನ್ಷಾ ಹೆಂಗೆ ಉಳೀತಾನೆ? ಹನ್ನೊಂದು ಹತ್ತೊಂಬತ್ತು ಮಾಡ್ರಿ. ಒಂದು ಉಳೀತೈತೆ, ಧ್ವಜಾಯ, ಭಾಳ ಒಳ್ಳೇದು."

ನನಗೆ ಈ ಲೆಕ್ಕದಲ್ಲಿ ನಂಬಿಕೆ ಇಲ್ಲ. ಆದರೆ ಕಾಯಿಲೆಯ ಹೆಂಡತಿಗಾಗಿ ಮನೆ ಕಟ್ಟುವವನು ಒಂದಡಿಗಾಗಿ ಮೇಸ್ತ್ರಿಯ ಜೊತೆ ಜಗಳ ಮಾಡುವುದಿಲ್ಲ. ಹನ್ನೊಂದು ಹತ್ತೊಂಬತ್ತಕ್ಕೆ ಒಪ್ಪಿದೆ.

ಸುಣ್ಣದ ಪುಡಿಯಲ್ಲಿ ಗುರುತು ಹಾಕುವ ದಿನ ಮೂಡಣ ಗದ್ದೆಯ ಹೆಣ್ಣುಮಗಳು ಬದುವಿನ ಮೇಲೆ ಬಂದು ನಿಂತಳು. ಗಂಡ ಹೆಂಡತಿ ಇಬ್ಬರೂ ಸೇರಿ ಆ ಗದ್ದೆ ಮಾಡುತ್ತಿದ್ದರು. ಐವತ್ತರ ಆಸುಪಾಸಿನವಳು, ಸೆರಗು ಸೊಂಟಕ್ಕೆ ಸಿಕ್ಕಿಸಿದವಳು, ಮಾತಿಗೆ ಮುಂಚೆ ನಗುವವಳು. ನನ್ನ ಹೆಂಡತಿ ಆಗಲೇ ಅವಳನ್ನು ಗೆಳತಿ ಮಾಡಿಕೊಂಡು, ದಿಂಬಿನ ಪುರಾಣವನ್ನೂ ಒಪ್ಪಿಸಿಬಿಟ್ಟಿದ್ದಳು.

"ಬಾಗ್ಲು ಯಾವ ಕಡೀಗ್ರಿ ಸಾಹೇಬ್ರೆ?"

"ಮೂಡಲಕ್ಕೆ."

"ಸುಗ್ಗೀ ದಿನದಾಗ ಮೂಡಗಾಳಿ ಬೀಸ್ತೈತಲ್ರಿ. ಬಾಗ್ಲು ತೆಗ್ದು ಕೂಡ್ತೀರೇನು?"

"ಮೂವತ್ತೈದು ವರ್ಷ ಇದೇ ಕೆಲ್ಸ ಮಾಡೀನವ್ವ. ನೀನು ಭತ್ತ ನೋಡ್ಕೋ, ಮನೆ ನಾ ನೋಡ್ಕಂತೀನಿ" ಎಂದೆ.

ಅವಳು ನಗುತ್ತಲೇ ಹೋದಳು. ಮೇಸ್ತ್ರಿಯೂ ನನ್ನ ಪರ; ಮೂಡಲ ಬಾಗಿಲಿಗೆ ಯಾರಾದರೂ ಬೇಡ ಅನ್ನುತ್ತಾರೆಯೇ? ನಮ್ಮ ಸೀಮೆಯಲ್ಲಿ ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂದು ಕೇಳಿ ಯಾರೂ ಬಾಗಿಲು ಇಟ್ಟಿದ್ದಿಲ್ಲ, ನಾನೂ ಇಡಿಸಿದ್ದಿಲ್ಲ.

ಕೆಲಸ ಸೊಗಸಾಗಿ ನಡೆಯಿತು, ಇಲ್ಲ ಎನ್ನಬಾರದು. ದಿಬ್ಬದ್ದೇ ಮಣ್ಣನ್ನು ಹುಲ್ಲು ಹಾಕಿ ತುಳಿದು ಗೋಡೆ ಎಬ್ಬಿಸಿದೆವು. ಮಣ್ಣು ತೆಗೆದ ಗುಂಡಿಯೇ ಮಳೆನೀರಿನ ಹೊಂಡವಾಯಿತು. ಮಂಡಿಪೇಟೆಯಲ್ಲಿ ಕೆಡವುತ್ತಿದ್ದ ಹಳೆಯ ಮಳಿಗೆಯೊಂದರ ಹೆಂಚು, ತೊಲೆ ತಂದೆವು. ಅಲ್ಲಿ ಮೆಣಸಿನಕಾಯಿ ಮಾರುತ್ತಿದ್ದರೋ ಹೇಗೆ ಎಂದು ಮೊದಲೇ ವಿಚಾರಿಸಿದ್ದೆ, ಘಾಟು ಉಳಿದಿದ್ದರೆ ಕಷ್ಟ ಎಂದು. ಬೆಲ್ಲದ ಮಂಡಿ ಎಂದರು. ಪರಿಣಾಮವಾಗಿ ಮೊದಲ ಒಂದು ತಿಂಗಳು ದಿಬ್ಬದ ಇರುವೆಗಳೆಲ್ಲ ನಮ್ಮ ತೊಲೆಯ ಮೇಲೆ ಮೆರವಣಿಗೆ ಹೊರಟವು. "ಗೃಹಪ್ರವೇಶಕ್ಕೆ ನಮಗಿಂತ ಮುಂಚೆ ಬಂದಾವೆ, ಓಡಿಸಬ್ಯಾಡ್ರಿ" ಎಂದಳು ಹೆಂಡತಿ.

ಮಳೆಗಾಲ ಬಂತು. ಬೆಳಿಗ್ಗೆ ಹೋಗಿ ಸಂಜೆ ಬರುವುದು, ಮನಸ್ಸಾದರೆ ಅಲ್ಲೇ ಉಳಿಯುವುದು ಅಭ್ಯಾಸವಾಯಿತು. ಹೊಳೆಗಾಳಿ ನಾನು ಬರೆದ ಹಾಗೆಯೇ ಬಂದು, ಬರೆದ ಹಾಗೆಯೇ ಹೋಗುತ್ತಿತ್ತು. ಆಷಾಢದಲ್ಲಿ ನಾಲ್ಕು ದಿಂಬು ಮೂರಾಯಿತು, ಶ್ರಾವಣದಲ್ಲಿ ಎರಡಾಯಿತು. ನನ್ನ ಜಂಬಕ್ಕೆ ಮಿತಿಯೇ ಇರಲಿಲ್ಲ. ಪರಿಚಯದವರನ್ನೆಲ್ಲ ಕರೆದುಕೊಂಡು ಹೋಗಿ, ಊದಿನಕಡ್ಡಿ ಹಚ್ಚಿ, ಹೊಗೆ ಕಿಟಕಿಯಿಂದ ಬಾಗಿಲಿಗೆ ಹೇಗೆ ಸಾಗುತ್ತದೆ ನೋಡಿ ಎಂದು ತೋರಿಸುತ್ತಿದ್ದೆ. ಊದಿನಕಡ್ಡಿಯ ಹೊಗೆಗೂ ಅವಳಿಗೆ ಕೆಮ್ಮು ಬರುತ್ತದೆ ಎನ್ನುವುದು ಜಂಬದಲ್ಲಿ ಮರೆತೇ ಹೋಗಿತ್ತು.

ದೀಪಾವಳಿ ಕಳೆಯಿತು, ಭತ್ತ ಹಳದಿಯಾಯಿತು. ಒಂದು ಮಧ್ಯಾಹ್ನ ಮೂಡಣ ಗದ್ದೆಗೆ ಕೊಯ್ಲಿನ ಯಂತ್ರ ಬಂತು. ಹೆಂಡತಿ ಊಟ ಮಾಡಿ ಮಂಚದ ಮೇಲೆ ಒರಗಿದ್ದಳು. ನಾನು ಹೊಳೆಯ ದಂಡೆಗೆ ಇಳಿದು, ಹಳದಿ ಗದ್ದೆ, ನನ್ನ ಮನೆ, ಆಚೆ ಯಂತ್ರ ಎಲ್ಲ ಒಂದೇ ಚೌಕಟ್ಟಿಗೆ ಬರುವಂತೆ ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದೆ. ಮೋಡದ ಹಾಗೆ ಎದ್ದ ದೂಳು ಮೆಲ್ಲಗೆ ಇತ್ತ ತಿರುಗಿದ್ದು ವಿಡಿಯೋದಲ್ಲಿ ಚೆನ್ನಾಗಿ ಬಂದಿದೆ. ಪಡುವಣ ಕಿಟಕಿಯೊಳಗಿಂದ ಕಾಣುತ್ತಿದ್ದ ಮೂಡಲ ಬಾಗಿಲು ಹಾರು ಹೊಡೆದಿದ್ದೂ ಬಂದಿದೆ. ಗದ್ದೆಯಿಂದ ಆ ಹೆಣ್ಣುಮಗಳು ಕೈ ಬೀಸಿ ಕೂಗುತ್ತಾ ಓಡಿಬಂದಿದ್ದೂ ಇದೆ. ಅವಳು ಯಾಕೆ ಓಡುತ್ತಿದ್ದಾಳೆ ಎಂದು ನನಗೆ ಹೊಳೆಯುವಷ್ಟರಲ್ಲಿ ಅವಳು ಮನೆಯೊಳಗೆ ನುಗ್ಗಿ ಆಗಿತ್ತು.

ನಾನು ಏರಿ ಬರುವಷ್ಟರಲ್ಲಿ ಅವಳು ನನ್ನ ಹೆಂಡತಿಯನ್ನು ತೋಳಲ್ಲಿ ಎತ್ತಿಕೊಂಡು ಮನೆಯ ಹಿಂದೆ, ಪಡುವಣ ಗೋಡೆಯ ಮರೆಗೆ ತಂದು ಕೂರಿಸಿದ್ದಳು. ಒದ್ದೆ ಸೆರಗನ್ನು ಮುಖದ ಮುಂದೆ ಹಿಡಿದಿದ್ದಳು. ಹೆಂಡತಿಯ ತುಟಿ ನೀಲಿಯಾಗಿತ್ತು. ನಾನು ಇನ್ಹೇಲರನ್ನು ತಲೆಕೆಳಗಾಗಿ ಹಿಡಿದಿದ್ದೆ; ಅದನ್ನೂ ಅವಳೇ ಕಿತ್ತುಕೊಂಡು ಒತ್ತಿದಳು. ಅವಳ ಗಂಡ ಯಂತ್ರ ನಿಲ್ಲಿಸಿ, ರಸ್ತೆಗೆ ಓಡಿ ಆಟೋ ತಂದ. ಆಸ್ಪತ್ರೆಯಲ್ಲಿ ಐದು ದಿನ ಇದ್ದೆವು.

ದಾವಣಗೆರೆಯ ಮನೆಗೆ ಬಂದ ಮೇಲೆ ಮತ್ತೆ ನಾಲ್ಕು ದಿಂಬು. "ಆ ಮನೆ ನನ್ನ ಹಣೇಲಿ ಬರದಿಲ್ಲ ಬಿಡ್ರಿ" ಎಂದು ಅವಳು ಗೋಡೆ ಕಡೆ ತಿರುಗಿದಳು. ಅಷ್ಟು ವರ್ಷಗಳಲ್ಲಿ ಅವಳು ಆಸೆ ಕೈಬಿಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಈಗ ನಾನು ಮಾಡಿದ ಕೆಲಸ ಹೇಳಲು ನಾಚಿಕೆಯಾಗುತ್ತದೆ. ತಪ್ಪು ನನ್ನದು ಎಂದು ಒಳಗೆ ಗೊತ್ತಿದ್ದರಿಂದಲೇ ಇರಬೇಕು, ಸ್ಕೂಟರ್ ಹತ್ತಿ ಹೋಗಿ ಆ ಹೆಣ್ಣುಮಗಳ ಮೇಲೆ ಹಾರಾಡಿದೆ. ಯಂತ್ರ ತರುವ ಮುಂಚೆ ಒಂದು ಮಾತು ಹೇಳಲು ಏನು ಧಾಡಿ ಎಂದೆ. ನನ್ನ ಹೆಂಡತಿಯ ಜೀವ ಉಳಿಸಿದವಳ ಮುಂದೆ, ಅವಳದೇ ಬದುವಿನ ಮೇಲೆ ನಿಂತು ಕೂಗಾಡಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಹೇಳದಿದ್ದದ್ದು ತಪ್ಪಾತು. ಯಂತ್ರದವ್ನು ನಾಳೆ ಬರ್ತೀನಿ ಅಂದಾವ ಅವತ್ತೇ ಬಂದ" ಎಂದಳು. "ಆದ್ರೆ ಅಣ್ಣಾರೆ, ಯಂತ್ರ ಒಂದು ದಿನದ್ದು. ಗಾಳಿ ಮೂರು ತಿಂಗ್ಳು ಇರ್ತೈತೆ. ಬರ್ರಿ ಇಲ್ಲಿ, ನಿಮ್ಮನೆ ಹೊಸಲಿನ ಮ್ಯಾಲೆ ಕೂಡ್ರಿ."

ಸಾಹೇಬ್ರು ಹೋಗಿ ಅಣ್ಣಾರೆ ಆಗಿದ್ದೆ. ಬೈದದ್ದಕ್ಕೆ ಸಿಕ್ಕ ಬಡ್ತಿ.

ಅವಳು ಮನೆಯಿಂದ ಒಂದು ಮೊರ, ಒಂದು ಬುಟ್ಟಿ ಭತ್ತದ ಹೊಟ್ಟು ತಂದಳು. ಹಿಂದೆ ಕಣದಲ್ಲಿ ರಾಶಿ ತೂರುವಾಗ ಗಾಳಿಯ ಗತಿ ನೋಡಲು ಮೊದಲು ಒಂದು ಮೊರ ಹೊಟ್ಟನ್ನು ತೂರಿ ನೋಡುತ್ತಿದ್ದರಂತೆ. ಅವಳ ಅತ್ತೆ ಕಲಿಸಿದ್ದು. ಗಾಳಿ ಬಂದಾಗ ತೂರಿಕೋ ಎಂಬ ಗಾದೆಯನ್ನು ನಾನು ಸಾವಿರ ಸಲ ಆಡಿದ್ದೇನೆ, ಒಬ್ಬರು ತೂರುವುದನ್ನು ಹತ್ತಿರ ಕೂತು ನೋಡಿದ್ದು ಅಂದೇ. ಬಾಗಿಲ ಮುಂದೆ ಹತ್ತು ಹೆಜ್ಜೆ ದೂರ ನಿಂತು, ಮೊರವನ್ನು ತಲೆಯ ಮೇಲಕ್ಕೆ ಎತ್ತಿ, ಮೆಲ್ಲಗೆ ಓರೆ ಮಾಡಿದಳು. ಹೊಟ್ಟು ನೇರ ನನ್ನ ಮುಖಕ್ಕೆ ಬಂತು, ಹೊಸಲು ದಾಟಿತು, ಒಳಗೆ ಹೋಗಿ ಸುತ್ತಿತು. ಪಡುವಣ ಕಿಟಕಿಯಿಂದ ಹೊರಗೆ ಹೋಗಬೇಕಿತ್ತಲ್ಲ, ಹೋಗಲಿಲ್ಲ. ದುಂಡಗಿನ ಮೂಲೆಗೆ ಬಡಿದು, ತಿರುಗಿ ಬಂದು ಮಂಚದ ಮೇಲೆ ಇಳಿಯಿತು. ಸರಿಯಾಗಿ ತಲೆ ಇಡುವ ಕಡೆ.

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?

ಮೂರು ದಿನ ಹೋದೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಅವಳು ಮನೆಯ ಸುತ್ತ ನಿಂತು ತೂರಿದಳು. ಹೊಟ್ಟು ಬಿದ್ದಲ್ಲೆಲ್ಲ ನಾನು ಹೆಂಡತಿಯ ಹಳೆಯ ಸೀಮೆಸುಣ್ಣದಿಂದ ಗುರುತು ಹಾಕಿಕೊಂಡೆ. ಗದ್ದೆ ಕೆಲಸ ಬಿಟ್ಟು ಬಂದು ಮಾಡಿದಳು, ಒಂದು ಸಲವೂ "ನಾ ಅವತ್ತೇ ಹೇಳಿದ್ನಲ್ಲ" ಅನ್ನಲಿಲ್ಲ. ಅವಳ ಜಾಗದಲ್ಲಿ ನಾನಿದ್ದಿದ್ದರೆ ದಿನಕ್ಕೆ ಹತ್ತು ಸಲ ಅನ್ನುತ್ತಿದ್ದೆ. ಕೊನೆಗೆ ಒಂದು ಸ್ಪಷ್ಟವಾಯಿತು: ಯಾವ ಹೊತ್ತಿನಲ್ಲೂ ಹೊಟ್ಟು ಹಾರದೆ ಕಾಲಬುಡಕ್ಕೇ ಸುರಿಯುತ್ತಿದ್ದ ಜಾಗ ಒಂದೇ, ದಕ್ಷಿಣದ ಬೇವಿನ ಕೆಳಗೆ. ಬಡಗಣ ಗೋಡೆಗೆ ಮೂರಡಿ ದೂರದಲ್ಲೇ ಹುಣಸೆಯ ಬೊಡ್ಡೆ, ಅದನ್ನು ಕಡಿಯುವ ಮಾತಿಲ್ಲ. ಪಡುವಣಕ್ಕೆ ಇಳಿಜಾರು, ಮಳೆಯ ಹೊಡೆತ. ಮನೆಗೆ ಬಾಗಿಲು ಇಡುವುದಾದರೆ ದಕ್ಷಿಣಕ್ಕೇ ಇಡಬೇಕು.

ಇದನ್ನು ಹೇಳಿದ್ದೇ ತಡ, ಮೇಸ್ತ್ರಿ ಕರಣೆ ಕೆಳಗಿಟ್ಟ. "ತೆಂಕಲ ಬಾಗ್ಲಾ? ಯಮನ ದಿಕ್ಕು ಸಾಹೇಬ್ರೆ. ಧ್ವಜಾಯದ ಮನೆಗೆ ಮೂಡಲ ಬಾಗ್ಲು ಮುಚ್ಚಿ ತೆಂಕಲಕ್ಕೆ ತೆಗ್ಯೋ ಪಾಪ ನಂಗೆ ಬ್ಯಾಡ. ಆ ಅಕ್ಕಾರು ಮೊದ್ಲೇ ಹುಷಾರಿಲ್ದೋರು."

ನನಗೂ ಒಳಗೊಳಗೇ ಅಳುಕು. ನಂಬಿಕೆ ಇಲ್ಲ ಎಂದು ಹೇಳುವುದು ಸುಲಭ. ಹೆಂಡತಿ ಆಸ್ಪತ್ರೆಯಿಂದ ಬಂದು ಹದಿನೈದು ದಿನವಾಗಿರುವಾಗ ಯಮನ ಹೆಸರು ಕೇಳಿದರೆ ಎಂಥವನೂ ಒಮ್ಮೆ ಪಂಚಾಂಗದ ಕಡೆ ನೋಡುತ್ತಾನೆ. ಅವಳನ್ನೇ ಕೇಳೋಣ ಎಂದು ಮೇಸ್ತ್ರಿಯನ್ನು ದಾವಣಗೆರೆಗೆ ಕರೆತಂದೆ. ಅವಳು ನಾಲ್ಕು ದಿಂಬಿಗೆ ಒರಗಿ, ಅವನ ಮಾತನ್ನೆಲ್ಲ ಶಾಲೆಯ ಮಗುವಿನ ಪಾಠ ಕೇಳುವ ಹಾಗೆ ಕೇಳಿದಳು.

"ಮೇಸ್ತ್ರಿ, ಯಮ ಮೂಡಲ ಬಾಗ್ಲಾಗೇ ಬಂದು ಹೋಗ್ಯಾನೆ" ಎಂದಳು. "ಮತ್ತೆ ಅದೇ ಬಾಗ್ಲಿಗೆ ಬಂದ್ರೆ ಮುಚ್ಚಿರ್ಲಿ. ನೀವು ತೆಂಕಲಕ್ಕೆ ತೆಗೀರಿ."

ಮೇಸ್ತ್ರಿ ಚಹಾ ಕುಡಿದು ಲೋಟ ಕೆಳಗಿಟ್ಟು, "ಮಂಗ್ಳಾರ ಬ್ಯಾಡ, ಗುರುವಾರ ತೆಗೀತೀನಿ" ಎಂದ.

ಹಾಗೆ ಬಾಗಿಲು ದಕ್ಷಿಣಕ್ಕೆ ಬಂತು. ಮೂಡಣ ಗೋಡೆ ಮುಚ್ಚಿ, ಬೆಳಗಿನ ಬೆಳಕು ಬರಲಿ, ಗಾಳಿ ಬೇಡ ಎಂದು ಮೇಲ್ಗಡೆ ಎರಡು ಗಾಜಿನ ಕಿಂಡಿ ಇಟ್ಟೆವು. ಮಂಚದ ಜಾಗ ಬದಲಾಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ನನ್ನನ್ನೇ ಬೈದುಕೊಂಡೆ. ಆದರೂ ಈಗ ಆ ಮನೆಯನ್ನು ನೋಡಿದರೆ ಮೊದಲು ಬರೆದದ್ದೇ ತಪ್ಪು ಪ್ರತಿ, ಇದು ಸರಿ ಪ್ರತಿ ಅನ್ನಿಸುತ್ತದೆ. ಬೇವಿನ ನೆರಳಲ್ಲಿ ಚಪ್ಪಲಿ ಬಿಟ್ಟು, ತಣ್ಣಗಿನ ಹೊಸಲು ದಾಟಿ ಒಳಗೆ ಹೋಗುತ್ತೇವೆ. ಮರ ಅಲ್ಲಿ ಮೊದಲಿನಿಂದಲೂ ಬಾಗಿಲು ಕಾಯುತ್ತಾ ನಿಂತಿತ್ತು, ನನಗೆ ಕಂಡಿರಲಿಲ್ಲ.

ಹೆಂಡತಿ ಬೇಸಿಗೆಯಲ್ಲಿ ಮತ್ತೆ ಬರತೊಡಗಿದಳು. ಮೂರು ದಿಂಬು. ಮಳೆಗಾಲಕ್ಕೆ ಎರಡು. ಸುಗ್ಗಿ ಹತ್ತಿರವಾದಂತೆ ನನಗೇ ನಿದ್ದೆ ಕೆಟ್ಟಿತು. ಯಂತ್ರ ಬರುವ ಹೊತ್ತಿಗೆ ದಾವಣಗೆರೆಗೆ ಹೋಗಿಬಿಡೋಣ ಎಂದೆ. "ಓಡಿ ಹೋಗಾಕೆ ಮನೆ ಯಾಕ ಕಟ್ಟಿಸಿದ್ರಿ?" ಎಂದಳು. ಅವಳಿಗೆ ಆ ಒಂದು ದಿನವನ್ನು ಅಲ್ಲೇ ಗೆಲ್ಲಬೇಕಿತ್ತು.

ಮುಂಗಾರಿನಲ್ಲಿ ಪಕ್ಕದ ಹೆಣ್ಣುಮಗಳು ನಮ್ಮ ಕಡೆಯ ಬದುವಿನ ಉದ್ದಕ್ಕೂ ಮೂರು ಸಾಲು ತೊಗರಿ ಹಾಕಿದ್ದಳು. ಮನೆ ಬೇಳೆಗೆ ಹಾಕಿಕೊಂಡಿದ್ದಾಳೆ ಎಂದುಕೊಂಡು ನಾನು ಗಮನಿಸಿರಲಿಲ್ಲ. ಭತ್ತ ಹಳದಿಯಾಗುವ ಹೊತ್ತಿಗೆ ತೊಗರಿ ನನ್ನ ತಲೆಗಿಂತ ಎತ್ತರ ಬೆಳೆದು, ಹಳದಿ ಹೂ ಬಿಟ್ಟು, ಗದ್ದೆಗೂ ಮನೆಗೂ ನಡುವೆ ಹಸಿರು ಗೋಡೆಯಾಗಿ ನಿಂತಿತು. ಆಗ ನನಗೆ ಅರ್ಥವಾಯಿತು. ಸುಗ್ಗಿಯ ಗಾಳಿಯ ಹೊತ್ತಿಗೆ ಸರಿಯಾಗಿ ಎತ್ತರವಾಗುವ ಬೆಳೆ ಯಾವುದೆಂದು ಆರು ತಿಂಗಳ ಮುಂಚೆಯೇ ಲೆಕ್ಕ ಹಾಕಿ ಬಿತ್ತಿದ್ದಳು. ಭತ್ತ ಬೆಳೆಯುವ ಜಾಗದಲ್ಲಿ ಅಷ್ಟು ಮಣ್ಣನ್ನು ಏರಿಸಿ ಬದು ಅಗಲ ಮಾಡಿದ್ದಳು. ಹೇಳಿರಲಿಲ್ಲ, ಕೇಳಿರಲಿಲ್ಲ. ನಾನು ಕೂಗಾಡಿದ ಅದೇ ಬದು ಅದು.

ಯಂತ್ರ ಬರುವ ಹಿಂದಿನ ದಿನ ಬಂದು, "ಅಣ್ಣಾರೆ, ನಾಳೆ" ಎಂದು ಹೇಳಿ ಹೋದಳು. ಮರುದಿನ ನಾನು ಕಿಟಕಿಗಳನ್ನು ಮೂರು ಸಲ ಪರೀಕ್ಷಿಸಿ, ಇನ್ಹೇಲರನ್ನು ಅಂಗಿ ಜೇಬಿನಲ್ಲಿಟ್ಟುಕೊಂಡು, ದಕ್ಷಿಣದ ಬಾಗಿಲ ಹೊರಗೆ ಕುರ್ಚಿ ಹಾಕಿ ಕೂತೆ. ಯಂತ್ರ ಗುಡುಗಿತು. ದೂಳಿನ ಮೋಡ ಎದ್ದಿತು, ಇತ್ತ ತಿರುಗಿತು, ತೊಗರಿಯ ಸಾಲಿಗೆ ಬಂದು ತಡೆಯಿತು. ಹೂವೆಲ್ಲ ಬೂದು ಬಣ್ಣವಾಯಿತು. ದಾಟಿ ಬಂದಷ್ಟು ಮುಚ್ಚಿದ ಮೂಡಣ ಗೋಡೆಗೆ ಬಡಿದು ಕೆಳಗಿಳಿಯಿತು. ಬೇವಿನ ಕೆಳಗೆ ಕೂತ ನನ್ನ ಬಿಳಿ ಪಂಚೆ ಬಿಳಿಯಾಗಿಯೇ ಇತ್ತು.

ಹೆಂಡತಿ ಊಟ ಮಾಡಿ ಒಳಗೆ ಹೋದಳು. ಸ್ವಲ್ಪ ಹೊತ್ತಿನಲ್ಲಿ ಬಾಗಿಲಿನಿಂದ ಮೂರು ದಿಂಬು ಹೊರಗೆ ಬಂದವು, ಒಂದರ ಮೇಲೊಂದು, ನನ್ನ ತೊಡೆಯ ಮೇಲೆ. "ಇವು ಮಂಚದ ಮ್ಯಾಲೆ ಜಾಗ ಹಿಡೀತಾವೆ, ನೀವೇ ಇಟ್ಕಳ್ರಿ" ಎಂದು ಹೇಳಿ ಹೋಗಿ ಮಲಗಿದಳು. ನಾನು ಎರಡು ಸಲ ಇಣುಕಿ ನೋಡಿದೆ. ಅಂಗಾತ ಮಲಗಿದ್ದಳು, ಮಕ್ಕಳ ಹಾಗೆ ಬಾಯಿ ಸ್ವಲ್ಪ ತೆರೆದು. ಎದೆ ಸಮನಾಗಿ ಏರಿ ಇಳಿಯುತ್ತಿತ್ತು. ಅದನ್ನು ನೋಡಿ ಎಷ್ಟು ವರ್ಷವಾಗಿತ್ತೋ!

ಯಂತ್ರ ನಿಂತ ಮೇಲೆ ಪಕ್ಕದ ಹೆಣ್ಣುಮಗಳು ಬಂದಳು. ಮೈ, ಕೂದಲು, ಹುಬ್ಬು ಎಲ್ಲ ಭತ್ತದ ದೂಳು. ಬಾಗಿಲ ಹತ್ತಿರ ಬರಲಿಲ್ಲ. ದೂರದಲ್ಲೇ ನಿಂತು ಸೀರೆ ಕೊಡವಿಕೊಂಡು, ದನಿ ತಗ್ಗಿಸಿ ಕೇಳಿದಳು.

"ಅಕ್ಕಾರು ಮಲಗ್ಯಾರೇನ್ರಿ?"

"ಮಲಗ್ಯಾಳೆ."

"ಎಷ್ಟು ದಿಂಬು?"

"ಒಂದೇ" ಎಂದೆ. ಅವತ್ತು ಬೈದೆನಲ್ಲ, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ, ನಿನ್ನ ಋಣ ದೊಡ್ಡದು ಎಂದು ಹೇಗೋ ಹೇಳಿದೆ. "ಏ ಬಿಡ್ರಿ ಅಣ್ಣಾರೆ, ತೊಗರಿ ನಂಗೂ ಬೇಕಾಗಿತ್ತು" ಎಂದು ಬೇವಿನ ಬೊಡ್ಡೆಗೆ ಒರಗಿ ಕೂತಳು. ಬೆಳಗಿನ ಜಾವದಿಂದ ದುಡಿದ ಕಣ್ಣುಗಳು ಕೂತಲ್ಲೇ ಎಳೆಯತೊಡಗಿದವು.

ನಾನು ತೊಡೆಯ ಮೇಲಿದ್ದ ಒಂದು ದಿಂಬು ಅವಳ ಮುಂದೆ ಹಿಡಿದೆ.

"ಬ್ಯಾಡ್ರಿ, ಮೈಯೆಲ್ಲ ದೂಳು. ದಿಂಬು ಹೊಲಸಾಗ್ತೈತೆ."

"ಆಗ್ಲಿ ಬಿಡು ತಂಗೀ" ಎಂದೆ. "ಒಳಗೆ ಇದಿನ್ನ ಯಾರಿಗೂ ಬ್ಯಾಡ."